ಆರನೆಯ ದಬ್ಬಣ

ಹುಸೇನಮಾ ದಬ್ಬಣ ಸುತ್ತಿಡುವ ಫೆಲ್ಟ್ ಬಟ್ಟೆಯ ಸುರುಳಿಯನ್ನು ಮೂರನೆಯ ಸಲ ಬಿಚ್ಚಿ ಎಣಿಸಿದಳು. ದಬ್ಬಣಗಳು ಐದೇ ಇದ್ದವು. ಆರನೆಯದರ ಜಾಗದಲ್ಲಿ ಇದ್ದದ್ದು, ಕಿಟಕಿಗೆ ಫೆಲ್ಟ್ ತುರುಕಲೆಂದು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡಿದ್ದ ಸೈಕಲ್ಲಿನ ಕಡ್ಡಿ.

ಬಸ್ಸಿನ ಸೀಟು ಹೊಲಿಯುವ ಅವರ ಮನೆಯಲ್ಲಿ ಮಾವನ ಕಾಲದಿಂದ ಬಂದ ಒಂದು ಕಟ್ಟಳೆಯಿತ್ತು. ದಬ್ಬಣ ಎಣಿಸದೆ ಬಸ್ಸಿನಿಂದ ಇಳಿಯುವಂತಿಲ್ಲ. ನಿನ್ನೆ ಸಂಜೆ ಎಣಿಸಿದವನು ಗಂಡ ರಹಿಮಾನಸಾಬ. ಬೆರಳಿನಿಂದ ತಡವಿ ನೋಡಿ, ಆರೂ ಇವೆ ಎಂದಿದ್ದ. ಎರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಅವನ ಕಣ್ಣುಗಳನ್ನು ತಿನ್ನುತ್ತ ಬಂದಿತ್ತು. ಹೊಲಿಗೆಯೆಲ್ಲ ಈಗ ಹುಸೇನಮಾಳದೇ. ಅವನು ಪಕ್ಕದಲ್ಲಿ ಕೂತು ಮೊಳೆ ಹೊಡೆಯುತ್ತ, ನೋಡುವವರಿಗೆ ಮೇಸ್ತ್ರಿಯಂತೆ ಕಾಣುತ್ತಿದ್ದ. ಬೈಲಹೊಂಗಲದ ಬಸವಣ್ಣೆಪ್ಪನ ನಾಲ್ಕು ಬಸ್ಸುಗಳ ಸೀಟು, ಕಿಟಕಿಗಳ ಕೆಲಸದಲ್ಲೇ ಅವರ ಮನೆಯ ಒಲೆ ಉರಿಯುತ್ತಿತ್ತು. ಕಣ್ಣು ಕಾಣದವನ ಕೈಗೆ ಯಾವ ಮಾಲಕ ತಾನೇ ಬಸ್ಸು ಕೊಟ್ಟಾನು? ಹಾಗಾಗಿ ಈ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ನಿನ್ನೆ ಅವಳು ಕಿಟಕಿಯ ಗಾಜು ಸರಿಯುವ ಕಾಲುವೆಗೆ ಹೊಸ ಫೆಲ್ಟ್ ಕೂರಿಸುತ್ತಿದ್ದಾಗ, ಎಡಗಡೆಯ ಹಿಂದಿನ ಮೂರು ಸೀಟು ತಾನೇ ಹೊಲಿಯುತ್ತೇನೆಂದು ಅವನು ಹಟ ಹಿಡಿದಿದ್ದ. ಅವಳೂ ಪಾಪ ಎಂದು ಬಿಟ್ಟಿದ್ದಳು. ಸೀಟನ್ನು ಬೋರಲು ಹಾಕಿಕೊಂಡು ಹೊಲಿಯುವಾಗ, ದಾರ ಕತ್ತರಿಸುವಷ್ಟು ಹೊತ್ತು ದಬ್ಬಣವನ್ನು ಸೀಟಿಗೆ ತುಂಬಿದ ತೆಂಗಿನ ನಾರಿನೊಳಗೆ ಚುಚ್ಚಿಡುವುದು ಅವನ ಅಭ್ಯಾಸ. ಅದನ್ನು ಮರೆತು ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆದರೆ ಮುಗಿಯಿತು. ಸೀಟನ್ನು ತಿರುಗಿಸಿ ಕೂರಿಸಿದಾಗ ಮೊನೆ ಮೇಲಾಗುತ್ತದೆ. ಕೂತವರ ಭಾರಕ್ಕೆ ನಾರು ಕುಗ್ಗಿದಂತೆಲ್ಲ ಅದು ಮೇಲೆ ಬರುತ್ತದೆ.

ಆ ಬಸ್ಸು ಈಗ ಮದುವೆ ದಿಬ್ಬಣ ಹೊತ್ತು ಸಾಲಹಳ್ಳಿಗೆ ಹೊರಟು ನಿಂತಿತ್ತು. ಹುಸೇನಮಾ ಗಂಡನಿಗೆ ಹೇಳದೆಯೇ ಓಡಿದಳು. ರಾಮದುರ್ಗದಲ್ಲಿ ತಂಗಿಗೆ ಹುಷಾರಿಲ್ಲ, ಅಲ್ಲಿಯವರೆಗೆ ಬಿಡಿ ಎಂದು ಡ್ರೈವರ್ ಶಂಕರೆಪ್ಪನಿಗೆ ಸುಳ್ಳು ಹೇಳಿ ಹತ್ತಿಕೊಂಡಳು. ನಿಜ ಹೇಳಿದ್ದರೆ ಬಸ್ಸು ಹೊರಡುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಸದ್ದಿಲ್ಲದೆ ಹುಡುಕಿ ತೆಗೆದುಬಿಟ್ಟೇನು ಎಂಬ ಆಸೆ ದೊಡ್ಡದಿತ್ತು.

ಮದುವೆ ಬಸ್ಸೆಂದರೆ ಕೇಳಬೇಕೆ? ಹೊಸ ಸೀರೆಗಳ ಸರಬರ, ಮಲ್ಲಿಗೆಯ ವಾಸನೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಗದ್ದಲ. ಕಿಟಕಿ ನೋಡಬೇಕು ಎಂದು ಹೇಳುತ್ತ ಹುಸೇನಮಾ ಹಿಂದಕ್ಕೆ ಸರಿದಳು. ಎಡಗಡೆಯ ಕಡೆಯ ಸೀಟಿನವರನ್ನು ಎಬ್ಬಿಸಿ, ಗಾಜು ಸರಿಸುವ ನೆಪದಲ್ಲಿ ಸೀಟಿನ ಉದ್ದಕ್ಕೂ ಅಂಗೈ ಊರಿದಳು. ಏನೂ ಇರಲಿಲ್ಲ. ಅದರ ಮುಂದಿನದನ್ನು ಬಿಟ್ಟು ಮೂರನೆಯದಕ್ಕೆ ಹೋದಳು. ಅಲ್ಲಿಯೂ ಇಲ್ಲ.

ನಡುವಿನ ಸೀಟಿನಲ್ಲಿ ಉಮಾಶ್ರೀ ಎಂಬ ಬಾಣಂತಿ ತುದಿಗೆ ಕೂತು, ಉಳಿದ ಜಾಗದಲ್ಲಿ ಮೂರು ತಿಂಗಳ ಕೂಸನ್ನು ಒಂದು ಮಡಿಕೆ ಪಂಚೆಯ ಮೇಲೆ ಅಂಗಾತ ಮಲಗಿಸಿದ್ದಳು. ಕೂಸು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಗಾಜು ನೋಡಬೇಕು, ಕೂಸನ್ನು ಒಂದು ಗಳಿಗೆ ಎತ್ತಿಕೊಳ್ಳಿ ಎಂದು ಹುಸೇನಮಾ ಕೇಳಿದಳು. ಈಗಷ್ಟೇ ಮಲಗಿದೆ, ಎಬ್ಬಿಸಿದರೆ ರಂಪ ಮಾಡುತ್ತದೆ, ಗಾಜು ಹೇಗಿದ್ದರೂ ನಡೆಯುತ್ತದೆ ಎಂದಳು ಉಮಾಶ್ರೀ. ಆಚೆ ಸೀಟಿನಿಂದ ಅವಳ ಅತ್ತೆ ರಾಚವ್ವ, ಗಾಳಿ ಬಂದರೆ ಕೂಸಿಗೆ ಶೀತ, ಕಿಟಕಿ ಮುಟ್ಟಬೇಡ ಎಂದು ಗದರಿದಳು.

ಹುಸೇನಮಾ ಅಲ್ಲೇ ಕಂಬಿ ಹಿಡಿದು ನಿಂತಳು. ಬಸ್ಸು ಯರಗಟ್ಟಿ ದಾಟಿತು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ? ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ರಸ್ತೆ ಕಿತ್ತುಹೋಗಿತ್ತು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಕೂಸಿನ ಬೆನ್ನು ಒಂದಿಷ್ಟು ಮೇಲೆದ್ದು ಮತ್ತೆ ಸೀಟಿಗೆ ಬೀಳುತ್ತಿತ್ತು. ಅವಳು ಆ ಬೆನ್ನನ್ನೇ ನೋಡುತ್ತಿದ್ದಳು. ಇನ್ನೊಂದು ದೊಡ್ಡ ತಗ್ಗು ಬಂತು. ಕೂಸು ಕುಯ್ಯೆಂದು ಮುಖ ಕಿವಿಚಿತು.

"ಕೂಸಿನ್ನ ಎತ್ತರಿ ತಂಗಿ," ಎಂದಳು ಹುಸೇನಮಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಆ ಸೀಟಿನಾಗ ದಬ್ಬಣ ಉಳದೈತಿ."

ಉಮಾಶ್ರೀ ಕೂಸನ್ನು ಎದೆಗೆ ಅವಚಿಕೊಂಡು ಎದ್ದಳು. ಬಸ್ಸಿನ ಗದ್ದಲ ಹಿಂದಿನಿಂದ ಮುಂದಿನವರೆಗೆ ಒಂದೊಂದೇ ಸಾಲು ಅಡಗಿತು. ಹುಸೇನಮಾ ಪಂಚೆ ಸರಿಸಿ, ಎರಡೂ ಅಂಗೈ ಊರಿ ನಿಧಾನವಾಗಿ ಭಾರ ಬಿಟ್ಟಳು. ಕೂಸಿನ ಬೆನ್ನಿದ್ದ ಜಾಗದಿಂದ ನಾಲ್ಕು ಬೆರಳಿನಾಚೆ ರೆಕ್ಸಿನ್ ಉಬ್ಬಿತು. ಎಳ್ಳಿನಷ್ಟು ಮೊನೆ ಹೊರಗೆ ಬಂತು.

ಶಂಕರೆಪ್ಪ ಬಸ್ಸು ನಿಲ್ಲಿಸಿ ಹಿಂದೆ ಬಂದ. ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಅವಳು ಎಳೆದು ತೆಗೆದ ಗೇಣುದ್ದದ ದಬ್ಬಣವನ್ನು ನೋಡಿದ. ಸಾಬರಂಥ ಹಳೆಯ ಮೇಸ್ತ್ರಿ ಹೀಗೆ ಮರೆಯುವುದುಂಟೆ ಎಂದು ಕೇಳಿದ.

"ಅವರಲ್ಲರೀ," ಎಂದಳು ಹುಸೇನಮಾ. "ನಾನ ಮರತದ್ದು. ಅವರದೇನೂ ತಪ್ಪಿಲ್ಲ."

ಅಷ್ಟರಲ್ಲಿ ರಾಚವ್ವ ತನ್ನ ಸೀಟಿನಿಂದ ಎದ್ದಿದ್ದಳು. ಅವಳನ್ನು ನೋಡಿ ಪಕ್ಕದವಳು ಎದ್ದಳು. ಉಳಿದದ್ದು ಆ ಒಂದೇ ದಬ್ಬಣ, ಬೇರೆ ಸೀಟುಗಳನ್ನೂ ತಾನೇ ಹೊಲಿದದ್ದು, ಅವುಗಳಲ್ಲಿ ಏನೂ ಇಲ್ಲ ಎಂದು ಹುಸೇನಮಾ ಹೇಳಿದಳು. ಮರೆತವಳೇ ಅವನ್ನೂ ಹೊಲಿದದ್ದು ಎಂದು ಕೇಳಿ, ಕೂತಿದ್ದ ಉಳಿದವರೂ ಎದ್ದರು. ಜರತಾರಿ ಸೀರೆಯ ಹೆಂಗಸರು, ರುಮಾಲಿನ ಹಿರಿಯರು, ಮಕ್ಕಳನ್ನು ಎತ್ತಿಕೊಂಡವರು ಎಲ್ಲರೂ ನಡುವಿನ ಓಣಿಯಲ್ಲಿ ಒತ್ತೊತ್ತಾಗಿ ನಿಂತರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಶಂಕರೆಪ್ಪ ಕೆಟ್ಟವನಲ್ಲ. ಮುಂದಕ್ಕೆ ಹೋಗುವ ಮೊದಲು ಅವಳಿಗಷ್ಟೇ ಕೇಳುವಂತೆ ತಗ್ಗಿದ ದನಿಯಲ್ಲಿ ಹೇಳಿದ: "ಮಾಲಕರಿಗೆ ಹೇಳಲಾರದ ಗತಿಯಿಲ್ಲಬೇ. ಆದ್ರ ಸಾಬರ ಕೆಲಸಕ್ಕ ಧಕ್ಕಿ ಬರದಂಗ ನೋಡಕೋತೇನಿ. ನಾಳಿಂದ ಅವರೊಬ್ಬರ ಬರಲಿ. ನೀವು ಬಸ್ ಹತ್ತಬ್ಯಾಡ್ರಿ."

ಅವನು ಉಪಕಾರವೆಂದೇ ತಿಳಿದು ಹೇಳಿದ್ದ. ರಹಿಮಾನಸಾಬ ಒಬ್ಬನೇ ಬಸ್ಸಿನೊಳಗೆ ಕೂತು, ದಾರದ ತುದಿಯನ್ನು ನಾಲಗೆಗೆ ತೇವ ಮಾಡಿಕೊಂಡು ದಬ್ಬಣದ ಕಣ್ಣು ಹುಡುಕುವುದು ಹುಸೇನಮಾಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವನ ಕಣ್ಣಿನ ಗುಟ್ಟು ಮೂರು ದಿನ ನಿಂತರೆ ಹೆಚ್ಚು. ಈ ಮಾತನ್ನು ಅವಳು ಶಂಕರೆಪ್ಪನಿಗೆ ಹೇಗೆ ಹೇಳಿಯಾಳು? ತಲೆಯಾಡಿಸಿದಳು.

ಬಸ್ಸು ಹೊರಟಿತು. ಸೀಟುಗಳಲ್ಲಿ ಇನ್ನೇನೂ ಇಲ್ಲವೆಂದು ತೋರಿಸಲು ಹುಸೇನಮಾ ಕಡೆಯ ಸೀಟಿನಲ್ಲಿ ಮೈಯ ಭಾರವೆಲ್ಲ ಬಿಟ್ಟು ಕೂತಳು. ಎದ್ದಳು. ಅದರ ಮುಂದಿನದಕ್ಕೆ ಹೋಗಿ ಕೂತಳು. ಕಿಟಕಿಯ ಕಡೆಗೊಮ್ಮೆ, ಓಣಿಯ ಕಡೆಗೊಮ್ಮೆ. ನಿಂತವರು ದಾರಿ ಬಿಟ್ಟುಕೊಡುತ್ತ ಅವಳನ್ನೇ ನೋಡುತ್ತಿದ್ದರು. ಪ್ರತಿ ಸಲ ಕೂರುವಾಗಲೂ ಅವಳ ಮೈ ತಾನಾಗಿ ಬಿಗಿಯಾಗುತ್ತಿತ್ತು. ತಾನೇ ಹೊಲಿದ ಸೀಟಾದರೂ ಬಿಗಿಯಾಗುತ್ತಿತ್ತು.

ರಾಮದುರ್ಗದ ಮನೆಗಳು ಕಾಣುವ ಹೊತ್ತಿಗೆ ಇನ್ನೂ ಒಂಬತ್ತು ಸೀಟು ಉಳಿದಿದ್ದವು. ಅವಳು ಕೂತು ಎದ್ದು ಬಂದ ಸೀಟುಗಳಲ್ಲಿ ಯಾರೂ ಕೂತಿರಲಿಲ್ಲ.