ಹೊಸ ಗೇಟಿಗೆ ಹಳೇ ತುಕ್ಕು

ಆ ಮನೆಯಲ್ಲಿ ದೂಳಿಗೆ ಎರಡು ಜಾತಿ. ತಾನಾಗಿ ಬಂದು ಕೂರುವುದು ಒಂದು. ಅದನ್ನು ಹೆಂಡತಿ ದಿನಾ ಬೆಳಿಗ್ಗೆ ಗುಡಿಸಿ ಹೊರಗೆ ಹಾಕುತ್ತಿದ್ದಳು. ಇನ್ನೊಂದು ಸಣ್ಣ ಸಣ್ಣ ಸೀಸೆಗಳಲ್ಲಿ ಅಂಚೆಯ ಮೂಲಕ ಬರುತ್ತಿತ್ತು. ಅದನ್ನು ಗಂಡ ನಾಲ್ಕು ಕೂದಲಿನ ಬ್ರಷ್ಷಿನಿಂದ ಅಂಗೈಯಗಲದ ಆಟಿಕೆ ಯುದ್ಧಟ್ಯಾಂಕುಗಳ ಮೇಲೆ ಉದುರಿಸಿ, ಅದರ ಮೇಲೆ ಮೊದಲನೇ ಜಾತಿಯ ದೂಳು ಬೀಳದಂತೆ ಗಾಜಿನ ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಿದ್ದ.

"ದುಡ್ಡು ಕೊಟ್ಟು ದೂಳು ತರಿಸೋ ಗಂಡಸನ್ನ ನಾನಂತೂ ಎಲ್ಲೂ ನೋಡಿಲ್ಲ" ಎಂದು ಅವಳು ಪಕ್ಕದ ಮನೆಯವಳ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಹಾಗೆಂದು ಅದನ್ನು ಮುಟ್ಟುತ್ತಿರಲಿಲ್ಲ. ಹಿಂದೊಮ್ಮೆ ಪಾಪ, ಒಳ್ಳೇ ಮನಸ್ಸಿನಿಂದ ಒಂದು ಟ್ಯಾಂಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಅವನು ವಾರಗಟ್ಟಲೆ ಮಾತು ಬಿಟ್ಟಿದ್ದ. ಮಾತು ಬಿಟ್ಟಿದ್ದಾನೆಂದು ಅವಳಿಗೆ ಗೊತ್ತಾಗಲು ನಾಲ್ಕು ದಿನ ಹಿಡಿದಿತ್ತು, ಅದು ಬೇರೆ ಮಾತು.

ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪಿನಲ್ಲಿ ಅವನದು ಕೊನೆಯ ತಪಾಸಣೆಯ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಕಾರು ಬಂದು ನಿಂತರೆ ಬೆರಳ ತುದಿಯಿಂದ ಸವರುತ್ತಾ ಹೋಗಿ, ಸಾಸಿವೆ ಕಾಳಿನಷ್ಟು ಗುಳ್ಳೆ ಸಿಕ್ಕರೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ವಾಪಸ್ ಕಳಿಸುತ್ತಿದ್ದ. ಅಲ್ಲಿಯವರು ಅವನಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಹಗಲೆಲ್ಲ ಗೀರು ಹುಡುಕುವ ಈ ಭೂತಗನ್ನಡಿ ಮನೆಗೆ ಬಂದ ಮೇಲೆ ಗೀರು ಹಾಕಲು ಕೂರುತ್ತಿದ್ದ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಟ್ಯಾಂಕು ಕಟ್ಟುವುದು, ಬಣ್ಣ ಹೊಡೆಯುವುದು, ಇದೆಲ್ಲ ಅವನ ಲೆಕ್ಕದಲ್ಲಿ ಮಕ್ಕಳ ಕೆಲಸ. ಅಸಲಿ ಕೆಲಸ ಆಮೇಲೆ. ಸ್ಪಾಂಜಿನ ಚೂರನ್ನು ಕಂದು ಬಣ್ಣದಲ್ಲಿ ಅದ್ದಿ ಅಂಚುಗಳಿಗೆ ಒತ್ತಿದರೆ ಬಣ್ಣ ಕಿತ್ತುಹೋದಂತೆ ಕಾಣುತ್ತದೆ. ತಿಳಿ ಮಾಡಿದ ಎಣ್ಣೆಬಣ್ಣವನ್ನು ಕೆಳಮುಖವಾಗಿ ಎಳೆದರೆ ಮಳೆನೀರಿನ ಜೊತೆ ಇಳಿದ ತುಕ್ಕು. ಹೊಗೆಕೊಳವೆಯ ಬಾಯಿಗೆ ಚಿಟಿಕೆ ಕಪ್ಪು ಪುಡಿ. ಯುದ್ಧವನ್ನು ಅವನು ಕಂಡವನಲ್ಲ; ಬಸ್ಸಿನಲ್ಲಿ ಸೀಟಿಗಾಗಿಯೂ ಯಾರ ಜೊತೆಗೂ ಜಗಳವಾಡಿದವನಲ್ಲ. ಆದರೆ ಹೊಸದು ಯಾವುದೂ ಅವನಿಗೆ ನಿಜವೆನಿಸುತ್ತಿರಲಿಲ್ಲ. ಏಟು ತಿಂದ ವಸ್ತುವಿಗೇ ಮಾತು ಬರುವುದು ಎಂದು ಅವನ ನಂಬಿಕೆ. ಅವನಿಗೆ ಮಾತ್ರ ಯಾವ ಏಟಿಗೂ ಮಾತು ಬಂದಿರಲಿಲ್ಲ.

ಮಗಳಿಗೆ ಒಂದು ಕಡೆ ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿ ತಾವೇ ಒಪ್ಪಿಕೊಂಡಿದ್ದರು. ಹುಡುಗನ ಅಪ್ಪ ಅಮ್ಮ ಭಾನುವಾರ ಬಂದು, ಒಂದು ಸಲ ಮನೆ ನೋಡಿ, ಕೊನೆಯ ಮಾತು ಹೇಳುವವರಿದ್ದರು.

"ರೀ, ಗೇಟು ನೋಡಿದೀರಾ?" ಎಂದಳು ಹೆಂಡತಿ.

"ದಿನಾ ನೋಡ್ತೀನಲ್ಲ."

"ಹಾಗಲ್ಲ. ಮನುಷ್ಯರು ನೋಡೋ ಹಾಗೆ ನೋಡಿದೀರಾ? ಅಂಗಾಲಿಂದ ನೆತ್ತೀವರೆಗೆ ತುಕ್ಕು."

"ಅದು ನನ್ನ ಮಾದರಿ ಕಣೇ. ಅಂಥ ತುಕ್ಕು ಕೇಳಿದ್ರೆ ಸಿಗಲ್ಲ."

"ಕೇಳೋರು ಯಾರಿದಾರೆ? ಆ ಗೇಟಿನ ಫೋಟೋ ಇರೋ ಅಷ್ಟು ಮಗಳ ಫೋಟೋ ಇಲ್ಲ ನಿಮ್ಮ ಫೋನಲ್ಲಿ."

ಮಗಳೂ ಸೇರಿಕೊಂಡಳು. "ಅಪ್ಪ, ಅವರಮ್ಮ ನಡೆಸೋದು ಲಾಂಡ್ರಿ. ಅವರು ಯಾರ ಮುಖಾನೂ ನೋಡಲ್ಲ, ಕಾಲರ್ ನೋಡ್ತಾರೆ."

ಹೆಂಡತಿಯ ದನಿ ತಗ್ಗಿತು. "ನಾನೇನು ಅರಮನೆ ಕೇಳಿದ್ನಾ? ಅವರು ಬಂದಾಗ ಈ ಮನೆ ಮುಂದೆ ನಾನು ತಲೆ ಎತ್ತಿ ನಿಲ್ಲಬೇಕು. ಇಷ್ಟೇ."

ಅವಳು ಕೂಗಿದ್ದರೆ ಅವನು ಕೋಣೆ ಸೇರಿಕೊಳ್ಳುತ್ತಿದ್ದ. ತಗ್ಗಿದ ದನಿಗೆ ಅವನ ಹತ್ತಿರ ಉಪಾಯವಿರಲಿಲ್ಲ. ಸರಿ ಎಂದ. ಆದರೆ ಪೇಂಟರನ್ನು ಕರೆಸಲು ಬಿಡಲಿಲ್ಲ. ಬೇರೆಯವರು ಹೊಡೆದ ಬಣ್ಣದಲ್ಲಿ ಗುಳ್ಳೆ ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಗೇಟಿನ ತುಕ್ಕನ್ನು ತಾನೇ ಕೆರೆದ. ಉಪ್ಪುಕಾಗದ ಹಾಕಿ ಉಜ್ಜುವಾಗ ಅವನ ಮುಖ ಸಾಕಿದ ನಾಯಿಯನ್ನು ಊರಾಚೆ ಬಿಟ್ಟು ಬಂದವನ ಹಾಗಿತ್ತು. ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಎರಡು ಕೈ ಕಡುಹಸಿರು ಹೊಡೆದ. ಶನಿವಾರ ಸಂಜೆ ಹೆಂಡತಿ ಬಂದು ನಿಂತು ನೋಡಿದಳು. "ಮುಖ ಕಾಣುತ್ತೆ ಕಣ್ರೀ" ಎಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು.

ಭಾನುವಾರ ತಾಯಿ ಮಗಳು ಬೀಗರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೋದರು. ಹೋಗುವ ಮುಂಚೆ ಹೆಂಡತಿ ಟ್ಯಾಂಕುಗಳ ಕೋಣೆಗೆ ಬೀಗ ಜಡಿದು ಕೀಲಿಯನ್ನು ಪರ್ಸಿನೊಳಗೆ ಹಾಕಿಕೊಂಡಳು. ಈ ಹುಚ್ಚಿನ ಸುದ್ದಿ ಹುಡುಗನ ಕಿವಿಗೂ ಬೀಳಬಾರದೆಂದು ಮಗಳಿಗೆ ಮೊದಲೇ ತಾಕೀತು ಮಾಡಿದ್ದಳು.

ಅವನು ಮೆಟ್ಟಿಲ ಮೇಲೆ ಕೂತು ಗೇಟು ನೋಡಿದ. ನುಣ್ಣಗೆ, ಹಸಿರಾಗಿ, ಅಂಗಡಿಯಿಂದ ಈಗಷ್ಟೇ ತಂದ ಆಟಿಕೆಯಂತೆ ನಿಂತಿತ್ತು. ಯಾರೂ ಅದನ್ನು ತೆಗೆದೇ ಇಲ್ಲ, ಯಾರೂ ಅದರೊಳಗಿಂದ ಹೊರಗೆ ಹೋಗೇ ಇಲ್ಲ ಎನ್ನುವ ಹಾಗೆ. ಗೇಟೆಂದರೆ ತಿರುಗಣಿಯ ಹತ್ತಿರವಾದರೂ ಉಜ್ಜಿರಬೇಡವೇ? ಒಂದೇ ಒಂದು ಗೀರು. ಯಾರಿಗೆ ಕಾಣುತ್ತದೆ? ಹಿತ್ತಿಲ ಷೆಡ್ಡಿನಲ್ಲಿ ಉಳಿದಿದ್ದ ಕಂದು ಪ್ರೈಮರಿನ ಡಬ್ಬಿ, ಥಿನ್ನರು, ವಾರ್ನಿಶ್, ಸ್ಪಾಂಜು ತಂದ.

ತಿರುಗಣಿ ಸವೆದ ಮೇಲೆ ಚಿಲಕ ಸವೆಯದೆ ಇರುವುದು ಹೇಗೆ? ಚಿಲಕ ಸವೆದ ಮೇಲೆ ನೀರು ಇಳಿಯಲೇಬೇಕು. ನೀರು ಇಳಿದ ಮೇಲೆ ತುಕ್ಕು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರಲ್ಲ, ಒಂದು ಗೀರಿಗೂ ನೂರು ಗೀರು. ಕೈ ತಾನಾಗಿ ಓಡಿತು. ಇಷ್ಟು ದೊಡ್ಡ ಮೈ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಹೊಳಪು ಕೊಲ್ಲುವ ವಾರ್ನಿಶ್ ಹೊಡೆದು ಹಿಂದೆ ಸರಿದು ನೋಡಿದ. ಗೇಟಿಗೆ ಜೀವ ಬಂದಿತ್ತು. ಕೆರೆದು ಬಿಸಾಡಿದ ತುಕ್ಕಿಗಿಂತ ಈ ತುಕ್ಕು ಒಂದು ಕೈ ಮೇಲು. ಬಣ್ಣ ಆರುವಷ್ಟು ಹೊತ್ತು ಅವನು ಲೋಕ ಮರೆತು ಅದರೆದುರು ನಿಂತಿದ್ದ. ಎಬ್ಬಿಸಿದ್ದು ಬಾಡಿಗೆ ಕಾರಿನ ಹಾರ್ನು.

ಮೊದಲು ಇಳಿದವಳು ಹೆಂಡತಿ. ಗೇಟು ನೋಡಿದಳು, ಗಂಡನನ್ನು ನೋಡಿದಳು, ಅವನ ಕೈಯ ಸ್ಪಾಂಜನ್ನು ನೋಡಿದಳು. ಅವನು ಆಡದೆ ಉಳಿಸಿದ ಅಷ್ಟೂ ವರ್ಷಗಳ ಮಾತನ್ನು ಆ ಒಂದು ನೋಟ ಬಡ್ಡಿ ಸಮೇತ ಹಿಂದಿರುಗಿಸಿತು.

"ಬಟ್ಟೆ ಜೋಪಾನ, ತುಕ್ಕು" ಎಂದು ಬೀಗರು ಹಿಂದೆ ಸರಿದರು. ಲಾಂಡ್ರಿಯ ಬೀಗಿತ್ತಿ ಮಾತ್ರ ಮುಂದೆ ಬಂದಳು. ಕೊಳೆ ಕಂಡರೆ ಅವಳ ಕೈ ಸುಮ್ಮನಿರುವುದಲ್ಲ. ಹೆಬ್ಬೆರಳಿನಿಂದ ತುಕ್ಕನ್ನು ಉಜ್ಜಿ ಬೆರಳು ನೋಡಿಕೊಂಡಳು. ಬೆರಳು ಶುಭ್ರ. ಕರ್ಚೀಫಿನ ತುದಿಗೆ ಎಂಜಲು ತಾಗಿಸಿ ತಿಕ್ಕಿದಳು. ಕರ್ಚೀಫೂ ಶುಭ್ರ. ಬಗ್ಗಿ ಮೂಸಿದಳು. ಆಮೇಲೆ ತನ್ನ ಗಂಡನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಬೀಗರ ಹುಬ್ಬು ಮೇಲೇರಿತು.

ಒಳಗೆ ಚಹಾ ಬಂತು. ಬೀಗರು ಹರಿದ ಸೋಫಾ ನೋಡಿದರು, ಮಸುಕಾದ ಪರದೆ ನೋಡಿದರು, ಗೋಡೆಯ ಬಿರುಕಿನ ಹತ್ತಿರ ಎದ್ದು ಹೋಗಿ ನೋಡಿದರು.

"ಇದೂ ನೀವೇ ಮಾಡಿದ್ದಾ?"

"ಇಲ್ಲ. ಇದು ನಿಜವಾದ್ದು" ಎಂದ ಭೂತಗನ್ನಡಿ.

"ಹಾಗೇ ಹೇಳ್ಬೇಕು!" ಎಂದು ಬೀಗರು ಮೆಚ್ಚಿ ತಲೆದೂಗಿದರು. "ಆ ಕೋಣೆಗೆ ಬೀಗ ಹಾಕಿದೆಯಲ್ಲ?"

"ಅದು... ಅದರಲ್ಲಿ ಇವರ ಸಾಮಾನು. ಅದನ್ನ ಯಾರಿಗೂ ತೋರಿಸಲ್ಲ" ಎಂದು ಹೆಂಡತಿ ತಡವರಿಸಿದಳು.

ಬೀಗರು ಬೀಗಿತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದಾಚೆ ಬೀಗಿತ್ತಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು, ಅಕ್ಕಾ ಎಂದು ಕರೆಯತೊಡಗಿದಳು. ಹೆಂಡತಿಗೆ ಇದು ಮರ್ಯಾದೆಯೋ ಮಂಗಳಾರತಿಯೋ ತಿಳಿಯಲಿಲ್ಲ.

ಹೊರಡುವಾಗ ಬೀಗರು ಅವನ ಭುಜದ ಮೇಲೆ ಕೈಹಾಕಿ ಗೇಟಿನ ಬಳಿ ಕರೆದೊಯ್ದರು. "ಬೀಗರೇ, ಲೋಕದಲ್ಲಿ ಎಲ್ಲರೂ ಇಲ್ಲದ್ದನ್ನ ಇದೆ ಅಂತ ತೋರಿಸ್ತಾರೆ. ಇರೋದನ್ನ ಇಲ್ಲ ಅಂತ ತೋರಿಸೋ ಧೈರ್ಯ ಎಷ್ಟು ಜನಕ್ಕಿದೆ? ನಮ್ಮವಳು ಮುಟ್ಟಿ ನೋಡಿರದಿದ್ರೆ ನಾನೂ ನಂಬಿಬಿಡ್ತಿದ್ದೆ, ಪಾಪ ಬಡವರು ಅಂತ. ಇಂಥ ಮನೆ ಹುಡುಗೀನ ಬಿಡ್ತೀವಾ? ಸಂಬಂಧ ಗಟ್ಟಿ ಅನ್ಕೊಳಿ." ಆಮೇಲೆ ಅತ್ತಿತ್ತ ನೋಡಿ, "ಇನ್‌ಕಮ್ ಟ್ಯಾಕ್ಸಿನೋರು ನಮ್ಮನೆ ಕಡೆ ಕಣ್ಣಿಟ್ಟಿದಾರೆ. ನಮ್ಮ ಗೇಟಿಗೂ ಒಂಚೂರು ಹಾಕಿಕೊಡ್ತೀರಾ?" ಎಂದರು.

ಅವನ ಕೆಲಸವನ್ನು ಹೊರಗಿನವರೊಬ್ಬರು ಮುಟ್ಟಿ, ಮೂಸಿ, ಹೊಗಳಿದ್ದು ಇದೇ ಮೊದಲು. ಹೊಗಳಿದ್ದು ಮಾತ್ರ ಅದನ್ನಲ್ಲ. ಕೋಣೆಯಲ್ಲಿರುವುದು ಪ್ಲಾಸ್ಟಿಕ್ಕು, ಬಿರುಕು ನಿಜವಾದ್ದು, ಬಡತನವೂ ಹೆಚ್ಚುಕಡಿಮೆ ನಿಜವಾದ್ದೇ ಎಂದು ಹೇಳಲು ಬಾಯಿ ತೆರೆದ. ಮೆಟ್ಟಿಲ ಮೇಲೆ ಹೆಂಡತಿ ಮಗಳ ತೋಳು ಹಿಡಿದು, ತೀರ್ಪು ಕೇಳಲು ನಿಂತವಳಂತೆ ಇತ್ತಲೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಇಳಿದು ಬಂದಳು.

"ಏನಂದ್ರು?"

ಹೇಳಿದ. ಒಂದಕ್ಷರ ಬಿಡದೆ ಹೇಳಿದ.

"ನೀವೇನಂದ್ರಿ?"

"ಏನೂ ಅನ್ಲಿಲ್ಲ."

"ಅದು ಮದುವೆಯಾದಾಗಿಂದ ನೋಡ್ತಾನೇ ಇದೀನಿ."

ಒಳಗೆ ಮಗಳು ಫೋನಿನಲ್ಲಿ ನಗುತ್ತಿರುವುದು ಕೇಳುತ್ತಿತ್ತು. "ತಪ್ಪಾಯ್ತು. ನಾಳೆ ಪೂರ್ತಿ ಹಸಿರು ಬಳಿದುಬಿಡ್ತೀನಿ" ಎಂದ. ಅಷ್ಟು ಉದ್ದದ ಮಾತು ಅವನಿಂದ ಅವಳು ನಿರೀಕ್ಷಿಸಿರಲಿಲ್ಲ.

"ಬಳೀತಾರಂತೆ! ಬಳಿದ್ರೆ ಅವರ ಕಣ್ಣಲ್ಲಿ ನಾವು ನಿಜವಾಗಲೂ ಬಡವರಾಗ್ತೀವಿ. ಮದುವೆ ಮುಗಿಯೋವರೆಗೂ ಇದು ಹೀಗೇ ಇರಬೇಕು."

ಅವಳು ಬಗ್ಗಿ, ಗೇಟನ್ನು ಮೇಲಿನಿಂದ ಕೆಳಗಿನವರೆಗೆ ಬೆರಳ ತುದಿಯಿಂದ ಸವರುತ್ತಾ ಬಂದಳು. ಕೊನೆಯ ಸರಳಿನ ಹತ್ತಿರ ಬೆರಳು ನಿಂತಿತು.

"ಇಲ್ಲಿ ಇನ್ನೊಂಚೂರು ಹಾಕ್ರೀ. ಹೊಸದರ ಹಾಗೇ ಕಾಣ್ತಿದೆ."