ದೊಡ್ಡಮ್ಮನ ದನಿ

ಸಂಜೆಯ ಧಾರಾವಾಹಿಯ ದೊಡ್ಡಮ್ಮನಿಗೆ ಹಿಡಿಶಾಪ ಹಾಕದ ಮನೆ ಆ ಊರಲ್ಲಿರಲಿಲ್ಲ. ಅಣ್ಣತಮ್ಮಂದಿರ ನಡುವೆ ತಂದಿಟ್ಟವಳು, ತುಂಬು ಬಸುರಿಯನ್ನು ಬಾಗಿಲಾಚೆ ನಿಲ್ಲಿಸಿದವಳು, ಅಷ್ಟೆಲ್ಲ ಮಾಡಿಯೂ "ಅಯ್ಯೋ ಕಂದಾ" ಎಂದು ಬೆಣ್ಣೆಯಂಥ ದನಿಯಲ್ಲಿ ಕರೆಯುವವಳು. ಧಾರಾವಾಹಿ ಬೇರೊಂದು ಭಾಷೆಯಲ್ಲಿ ತಯಾರಾಗಿ ಬರುತ್ತಿತ್ತು. ಮುಖ ಎಲ್ಲಿಯದೋ, ದನಿ ಮಾತ್ರ ಇಲ್ಲಿಯದು. ಆ ದನಿಯ ಒಡತಿ ಇದೇ ಊರಿನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಗಂಡ ಮತ್ತು ಅತ್ತೆಯ ಜೊತೆ ಸಂಸಾರ ಮಾಡಿಕೊಂಡಿದ್ದಳು.

ಅವಳು ಡಬ್ಬಿಂಗ್ ಮಾಡುತ್ತಿದ್ದದ್ದು ಗೋಡೆಗೆಲ್ಲ ಸ್ಪಂಜು ಮೆತ್ತಿದ ಒಂದು ಸಣ್ಣ ಕೋಣೆಯಲ್ಲಿ. ಎದುರಿಗೆ ಮೈಕು, ಅದರಾಚೆ ಪರದೆ, ಕಿವಿಗೆ ಹೆಡ್‌ಫೋನು. ಸದ್ದಾಗುತ್ತದೆಂದು ಬಳೆ ತೆಗೆದಿಡಬೇಕು. ಹೊಟ್ಟೆ ಗುರ್ ಅಂದರೂ ಮೈಕಿಗೆ ಕೇಳುವುದರಿಂದ ತಿಂದೇ ಹೋಗಬೇಕು. ಬರೆದುಕೊಟ್ಟ ಮಾತು ಪರದೆಯ ತುಟಿಗಿಂತ ಉದ್ದವಾದರೆ ನಿಂತ ನಿಲುವಿನಲ್ಲೇ ಮೊಟಕು ಮಾಡುತ್ತಿದ್ದಳು, ಗಿಡ್ಡವಾದರೆ ಒಂದು ನಿಟ್ಟುಸಿರು ಸೇರಿಸುತ್ತಿದ್ದಳು. "ಅಕ್ಕಾ, ನಿಮ್ಮ ನಗು ಕೇಳಿದ್ರೆ ನನಗೇ ಮೈ ಜುಂ ಅನ್ನುತ್ತೆ" ಎಂದು ಗಾಜಿನಾಚೆಯಿಂದ ರೆಕಾರ್ಡಿಂಗಿನವನು ಹೇಳಿದ ದಿನ ಅವಳು ಮನೆಗೆ ಹಾಡಿಕೊಂಡೇ ಬಂದಿದ್ದಳು.

ಅತ್ತೆ ಆ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ದೊಡ್ಡಮ್ಮ ಬಾಯಿ ತೆರೆದರೆ ಸಾಕು, "ನಿನ್ನ ನಾಲಿಗೆ ಬಿದ್ದು ಹೋಗ!" ಎಂದು ಕೂತಲ್ಲಿಂದಲೇ ಕೂಗುತ್ತಿದ್ದರು.

"ಅತ್ತೆ, ಆ ನಾಲಿಗೆ ನಂದು" ಎಂದು ಸೊಸೆ ಅಡುಗೆಮನೆಯಿಂದ ನಗುವಳು.

"ನಿನಗಲ್ಲಮ್ಮಾ ಅಂದಿದ್ದು, ಆ ಮನೆಹಾಳಿಗೆ."

ಆದರೆ ಸೊಸೆ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅತ್ತೆ, "ಯಾವುದೋ ಆಫೀಸು" ಎಂದು ಮಾತು ಹಾರಿಸಿಬಿಡುತ್ತಿದ್ದರು. ಹಾಗೇಕೆಂದು ಒಮ್ಮೆ ಸೊಸೆ ಕೇಳಿಯೇ ಬಿಟ್ಟಳು. "ಊರೆಲ್ಲ ಬೈಯೋ ದನಿ ನಮ್ಮನೇದು ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದರು ಅತ್ತೆ. ಅವಳಿಗೆ ಪಿಚ್ಚೆನಿಸಿತು. ಮತ್ತೆ ಆ ಮಾತೆತ್ತಲಿಲ್ಲ.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಮೂಳೆ ಮುರಿದ ಹೆಂಗಸರ ವಾರ್ಡು. ಒಬ್ಬರ ಕೈಗೆ ಪ್ಲಾಸ್ಟರು, ಇನ್ನೊಬ್ಬರ ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದು, ಮತ್ತೊಬ್ಬರ ಕೊರಳಿಗೆ ಪಟ್ಟಿ. ನೋವು ಬೇರೆ ಬೇರೆಯಾದರೂ ಸಂಜೆಯಾದರೆ ಎಲ್ಲರ ಕಣ್ಣೂ ಗೋಡೆಯ ಮೇಲಿನ ಟೀವಿಯತ್ತ. ಅಂದಂತೂ ವಿಶೇಷ ಕಂತು: ಇಷ್ಟು ಕಾಲ ಎಲ್ಲ ಸಹಿಸಿಕೊಂಡ ಹಿರಿ ಸೊಸೆ ದೊಡ್ಡಮ್ಮನಿಗೆ ಎದುರುತ್ತರ ಕೊಡುವುದಿತ್ತು.

ಶುರುವಾಗುವ ಹೊತ್ತಿಗೆ ಸರಿಯಾಗಿ ಟೀವಿಯ ಸದ್ದು ನಿಂತಿತು. ಚಿತ್ರವೇನೋ ಇತ್ತು, ಮಾತಿಲ್ಲ. ಆಯಾ ಸ್ಟೂಲು ಹತ್ತಿ ವೈರು ಅಲ್ಲಾಡಿಸಿದಳು, ಟೀವಿಯ ನೆತ್ತಿಗೆರಡು ಬಾರಿಸಿದಳು. ಊಹೂಂ.

"ಇಷ್ಟು ದಿನ ಕಾದಿದ್ದು ಇದಕ್ಕೇನಾ! ಕೈ ಮುರಿದಾಗ್ಲೂ ನಾನಿಷ್ಟು ಅತ್ತಿರ್ಲಿಲ್ಲ" ಎಂದು ಪ್ಲಾಸ್ಟರು ಕೈಯವಳು ಗೋಳಾಡಿದಳು.

ಅತ್ತೆಗೂ ತಡೆಯಲಾಗಲಿಲ್ಲವೋ ಏನೋ, ದಿಂಬಿಗೆ ಒರಗಿ ಕೂತು ಗಟ್ಟಿಯಾಗಿ ಹೇಳಿದರು: "ಟೀವಿ ಹೋದ್ರೆ ಹೋಗ್ಲಿ ಬಿಡಿ. ಆ ದೊಡ್ಡಮ್ಮನಿಗೆ ದನಿ ಕೊಡೋದು ನನ್ನ ಸೊಸೇನೇ. ಇಲ್ಲೇ ಇದ್ದಾಳಲ್ಲ."

ಹಣ್ಣು ಸುಲಿಯುತ್ತಿದ್ದ ಸೊಸೆಯ ಕೈ ನಿಂತುಹೋಯಿತು.

"ಏನಜ್ಜೀ, ತಮಾಷೆನಾ?" ಎಂದಳು ಕೊರಳುಪಟ್ಟಿಯವಳು.

"ತಮಾಷೆ ಮಾಡೋ ಸ್ಥಿತೀಲಿದೀನಾ ನಾನು? ಏಳಮ್ಮಾ, ಶುರು ಮಾಡು. ಆಗ್ಲೇ ಬಂದುಬಿಟ್ಳು ನೋಡು!"

ಅವಳು ಎದ್ದು, ಪರದೆ ಕಾಣುವಂತೆ ಟೀವಿಯ ಪಕ್ಕಕ್ಕೆ ಓರೆಯಾಗಿ ನಿಂತಳು. ದೊಡ್ಡಮ್ಮನ ತುಟಿ ಬಿರಿಯಿತು.

"ಅಯ್ಯೋ ಕಂದಾ, ಊಟ ಆಯ್ತಾ? ಆಗಿರುತ್ತೆ ಬಿಡು. ನಮ್ಮ ನೆಮ್ಮದೀನೇ ತಿಂದು ತೇಗಿದ್ದೀಯಲ್ಲ!"

ವಾರ್ಡು ಗಪ್‌ಚಿಪ್ಪಾಯಿತು. ಕೊರಳುಪಟ್ಟಿಯವಳು ನೋವು ಮರೆತು ಇಡೀ ಮೈ ಇತ್ತ ತಿರುಗಿಸಿದಳು.

ಆ ಕಂತಿಗೆ ದನಿ ಕೊಟ್ಟು ಬಹಳ ದಿನವಾಗಿರಲಿಲ್ಲವಾದ್ದರಿಂದ ದೊಡ್ಡಮ್ಮನ ಮಾತೆಲ್ಲ ಬಾಯಲ್ಲೇ ಇತ್ತು. ಉಳಿದವರದ್ದು? ಹಿರಿ ಮಗನಿಗೆ ಗಂಟಲು ದಪ್ಪ ಮಾಡಿದಳು, ಹೆಂಗಸರು ಬಿದ್ದು ಬಿದ್ದು ನಕ್ಕರು. ಕಿರಿಯ ಮಗ ಮತ್ತವನ ಹೆಂಡತಿ ಅಡುಗೆಮನೆಯಲ್ಲಿ ಗುಟ್ಟು ಮಾತಾಡುವ ದೃಶ್ಯವನ್ನು ಅವಳು ನೋಡಿಯೇ ಇರಲಿಲ್ಲ. "ಉಪ್ಪಿನ ಡಬ್ಬಿ ಎಲ್ಲಿಟ್ಟೆ?", "ನಿಮ್ಮ ದೊಡ್ಡಮ್ಮನ ಮಾತಲ್ಲೇ ಬೇಕಾದಷ್ಟು ಖಾರ ಇದೆ, ಉಪ್ಪೂ ಬೇಕಾ?" ಎಂದು ತುಟಿಗೆ ತಕ್ಕಂತೆ ಹೊಸೆದುಬಿಟ್ಟಳು. ಗಲಾಟೆ ಕೇಳಿ ಗದರಲು ಬಂದ ನರ್ಸಮ್ಮ ಟ್ರೇ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ಕೊನೆಗೆ ಎಲ್ಲರೂ ಕಾದಿದ್ದ ದೃಶ್ಯ ಬಂತು. ಹಿರಿ ಸೊಸೆ ತಲೆಯೆತ್ತಿದಳು. ಆ ಪಾತ್ರದ ಮಾತನ್ನು ಇವಳು ಮೂಲ ಭಾಷೆಯಲ್ಲಿ ಹೆಡ್‌ಫೋನಿನಲ್ಲಿ ಕೇಳಿದ್ದಳಷ್ಟೇ. ಅರ್ಥ ಹಿಡಿದು, ದನಿ ತೆಳುವಾಗಿಸಿ, ತನ್ನ ಮಾತಿನಲ್ಲೇ ಆಡಿದಳು: "ನಾನು ತಲೆ ತಗ್ಗಿಸಿದ್ದು ಗೌರವಕ್ಕೆ, ಹೆದರಿ ಅಲ್ಲ. ನಾನೂ ಈ ಮನೆಯವಳೇ. ನಿಮ್ಮ ಬಾಯಲ್ಲಿ ಅದೊಂದು ಮಾತು ಬರ್ಲಿ ಅಂತ ಕಾದೆ, ಅಷ್ಟೇ."

"ಹಾಗೆ ಹೇಳು! ಇನ್ನೂ ಹೇಳು!" ಅತ್ತೆ ಮಂಚದ ಮೇಲೆ ಗುದ್ದಿದರು.

ದೊಡ್ಡಮ್ಮ ನಕ್ಕಳು. ಮೈ ಜುಂ ಅನ್ನಿಸುವ ಅದೇ ನಗು. ಅತ್ತೆ ಅಭ್ಯಾಸಬಲದಿಂದ "ನಿನ್ನ ನಾಲಿಗೆ..." ಎಂದವರು ಗಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದರು. ಇಡೀ ವಾರ್ಡು ಘೊಳ್ಳೆಂದಿತು. ಸೊಸೆಗೂ ನಗು ತಡೆಯದೆ ದೊಡ್ಡಮ್ಮನ ಅರ್ಧ ಬೈಗುಳ ತಪ್ಪಿಹೋಯಿತು. ಉಸಿರು ಹಿಡಿದು, ಓಡುವ ಬಸ್ಸು ಹತ್ತುವವಳಂತೆ ಉಳಿದರ್ಧವನ್ನು ಹಿಡಿದುಕೊಂಡಳು.

ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಪ್ಲಾಸ್ಟರು ಕೈಯವಳು ತೊಡೆ ತಟ್ಟಿಕೊಂಡಳು. "ಇಷ್ಟು ಒಳ್ಳೆಯವರು, ಅಷ್ಟು ಕೆಟ್ಟದಾಗಿ ಹೇಗ್ರೀ ಮಾತಾಡ್ತೀರಾ?"

"ನೀವೆಲ್ಲ ದೊಡ್ಡಮ್ಮನ್ನ ಬೈದ್ರೆ ನನ್ನ ಕೆಲಸ ಚೆನ್ನಾಗಾಯ್ತು ಅಂತ ಲೆಕ್ಕ" ಎಂದಳವಳು, ನೀರು ಕುಡಿಯುತ್ತಾ.

ವಾರ್ಡಿನ ಗದ್ದಲ ಅಡಗಿದ ಮೇಲೆ ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡರು. "ಕತ್ತಿನ ನರ ಉಬ್ಬುತ್ತೆ ಕಣೇ ನಿಂಗೆ. ಕೈ ನಡುಗುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಬರೀ ಬಾಯಲ್ಲಿ ಆಡೋದು ಅಂದ್ಕೊಂಡಿದ್ದೆ. ಮೈಯೆಲ್ಲ ಆಡ್ತೀಯಲ್ಲೇ! ಇಷ್ಟು ದಿನ ಮುಚ್ಚಿಟ್ನಲ್ಲಾ, ನನ್ನ ಬುದ್ಧಿಗಿಷ್ಟು!"

"ಹೋಗ್ಲಿ ಬಿಡಿ ಅತ್ತೆ."

"ಹೋಗ್ಲಿ ಅಂತ ಹೇಗೆ ಬಿಡೋದು? ನನ್ನ ಸೊಸೆ ನೀನು." ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟರು. ಅವಳು ಆ ಒಣಗಿದ ಕೈ ಹಿಡಿದುಕೊಂಡು ಕೂತಳು. ಯಾವ ಬಿರುದೂ ಕೊಡದ ಹೆಮ್ಮೆ ಆ ಹೊತ್ತು ಅವಳ ಎದೆಯಲ್ಲಿ ತುಂಬಿ ನಿಂತಿತ್ತು.

ಮರುದಿನ ಬೆಳಿಗ್ಗೆ ಅವಳು ಡಬ್ಬಿಂಗಿಗೆ ಹೊರಟು ನಿಂತಾಗ ವಾರ್ಡಿನವರೆಲ್ಲ ಎಚ್ಚರವಾಗಿದ್ದರು.

"ಇವತ್ತು ಯಾರ ಮನೆ ಮುರಿಯೋದಿದೆ?" ಅತ್ತೆ ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

"ದೊಡ್ಡಮ್ಮನ ತಂಗೀದು ಅತ್ತೆ."

"ಚೆನ್ನಾಗಿ ಮುರಿ. ಅರೆಬರೆ ಮಾಡಿ ಬರಬೇಡ. ಇಷ್ಟು ಜನ ಕಾಯ್ತಿರ್ತೀವಿ."

ಅವಳು ಸೆರಗು ಸರಿಮಾಡಿಕೊಂಡು, ನಗುವ ವಾರ್ಡನ್ನು ದಾಟಿ, ಬಿಸಿಲು ಬಿದ್ದ ಮೆಟ್ಟಿಲುಗಳನ್ನು ದುಡುದುಡು ಇಳಿದಳು.