ಅರ್ಧ ಮೇಜು

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಸವೀರನ ಅಂಗಡಿಯೆಂದರೆ ಒಂದು ಬಾಗಿಲು, ಒಂದು ಫ್ಯಾನು, ಒಂದು ಮೇಜು. ಮೇಜಿನ ಎಡಗಡೆ ಕಂಪ್ಯೂಟರಿನದು, ಬಲಗಡೆ ಅವನ ತಾಯಿ ಅಕ್ತರುನ್ನೀಸಾ ಅವರದು. ಮಗ ಲಗ್ನಪತ್ರಿಕೆ, ಬಿಲ್‌ಬುಕ್ಕು ಜೋಡಿಸಿ ಅಚ್ಚು ಮಾಡಿಸುತ್ತಿದ್ದ. ತಾಯಿ ಅಚ್ಚಾದ ಹಾಳೆಗಳನ್ನು ದಬ್ಬಳದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಿ ಪುಸ್ತಕ ಮಾಡುತ್ತಿದ್ದರು. ಮನೆಯಲ್ಲಿ ಕೂತೂ ಹೊಲಿಯಬಹುದಿತ್ತು. ಆದರೆ ಮನೆಯೊಳಗೆ ಬೀದಿ ಇರುವುದಿಲ್ಲ, ಹೋಗುವವರು ಬರುವವರು "ಏನಮ್ಮಾ, ಚೆನ್ನಾಗಿದ್ದೀರಾ?" ಅನ್ನುವುದಿಲ್ಲ.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ಮುಸವೀರ ಟೇಪು ಹಿಡಿದು ಮೇಜನ್ನು ಅಳೆಯತೊಡಗಿದ.

"ಅಮ್ಮಿ, ದೊಡ್ಡ ಮಾನಿಟರ್ ತರ್ತೀನಿ. ಮೂವತ್ತೆರಡು ಇಂಚು. ಹಳೇದೂ ಪಕ್ಕದಲ್ಲಿರುತ್ತೆ."

"ಪಕ್ಕ ಅಂದ್ರೆ?"

ಅವನು ಟೇಪನ್ನು ನೋಡಿದ, ತಾಯಿಯನ್ನು ನೋಡಲಿಲ್ಲ. "ನೀವು ಮನೇಲೇ ಆರಾಮಾಗಿ ಕೂತು ಹೊಲೀಬೋದಲ್ಲ."

ಅವನದೂ ಸುಳ್ಳಲ್ಲ. ಈಗೆಲ್ಲ ಜನ ಕೈಬರಹದ ಚೀಟಿಯ ಫೋಟೋ ಕಳಿಸುತ್ತಾರೆ. ಅದನ್ನು ತೆರೆದರೆ ಪತ್ರಿಕೆ ಮುಚ್ಚಿಕೊಳ್ಳುತ್ತದೆ, ಪತ್ರಿಕೆ ತೆರೆದರೆ ಚೀಟಿ. ಎರಡೂ ಕಣ್ಣ ಮುಂದಿರಬೇಕೆನ್ನುವುದು ನ್ಯಾಯವೇ. ಅಕ್ತರುನ್ನೀಸಾ "ಆಗ್ಲಿ, ನೋಡು" ಎಂದರು. ಹಾಗೆಂದು ದಾರ ಪೋಣಿಸಲು ಹೋದರೆ ಮೂರು ಸಲವೂ ದಬ್ಬಳದ ಕಣ್ಣು ಸಿಗಲಿಲ್ಲ.

ಕೆ.ಆರ್. ನಗರದ ಗೆಳೆಯ ಸಾಗರ್ ತನ್ನ ದೊಡ್ಡ ಮಾನಿಟರನ್ನು ನಾಲ್ಕು ದಿನ ನೋಡಲೆಂದು ಕೊಟ್ಟ. ಅದು ಮೇಜಿನ ಬಲಗಡೆಗೆ ಏರಿ, ಗಿರಾಕಿಗಳಿಗೂ ಕಾಣಲಿ ಎಂದು ಬಾಗಿಲ ಕಡೆ ಮುಖ ಮಾಡಿ ಕೂತಿತು. ಅಕ್ತರುನ್ನೀಸಾ ಮೂಲೆಯ ಸ್ಟೂಲಿಗೆ ಸರಿದು, ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡರು.

ಮಾರನೆಯ ದಿನ ಹನಗೋಡಿನ ಲಿಂಗಯ್ಯ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದ. ಪತ್ರಿಕೆ ದೊಡ್ಡ ಪರದೆಯ ಮೇಲೆ ಅರಳಿದ್ದೇ ತಡ, ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

"ಗಣಪ್ಪ ಸಣ್ಣಗಾಯ್ತು ಕಣ್ರೀ," ಎಂದ ಒಬ್ಬ.

"ಆ ಅಸ್ರು ಬ್ಯಾಡ, ಗುಲಾಬಿ ಆಕ್ಸಿ," ಎಂದಳು ಸೊಪ್ಪಿನ ಕುಕ್ಕೆಯವಳು.

"ಮದ್ವೆ ನನ್ ಮಗಳ್ದೋ, ನಿಮ್ದೋ?" ಎಂದು ಲಿಂಗಯ್ಯ ತಿರುಗಿದರೆ, ಎದುರಿಗೆ ಅವನ ಹೆಂಡತಿಯ ತಮ್ಮ ನೀಲಕಂಠಸ್ವಾಮಿ ನಿಂತಿದ್ದ. ರಸಗೊಬ್ಬರದ ಚೀಲ ಕೊಂಡು ಹೊರಟವನು, ಚೀಲ ಇಳಿಸಿ, 'ಸುಖಾಗಮನ ಬಯಸುವವರು' ಎಂಬ ಪಟ್ಟಿಯನ್ನು ಬಾಯಿಬಿಟ್ಟು ಓದುತ್ತಿದ್ದ.

"ಏನ್ ಭಾವ, ಸೋದರಮಾವ ಅಂದ್ರೆ ಐದ್ನೇ ಸಾಲಾ? ಹಸೆಮಣೆಗೆ ಹೆಣ್ಣು ಕರ್ಕಂಡ್ ಬರೋಕೆ ಐದ್ನೇ ಸಾಲ್ನೋನು ಯಾಕೆ ಬೇಕು?"

"ಇನ್ನೂ ಬರೀತಾವ್ರೆ ಕಣಯ್ಯಾ!"

"ಬರ್ದಿರೋದು ರೋಡ್ಗೇ ಕಾಣ್ತದೆ!"

ನೀಲಕಂಠಸ್ವಾಮಿ ಚೀಲ ಹೊತ್ತು ನಡೆದೇಬಿಟ್ಟ. ಲಿಂಗಯ್ಯನ ಮುಖ ಕೆಂಪಾಯಿತು. "ನೋಡಪ್ಪ, ಅವನನ್ನ ಮೊದ್ಲನೇ ಸಾಲ್ಗೆ ಆಕು. ನಾಳೆ ಬತ್ತೀನಿ. ಅಷ್ಟೊತ್ಗೆ ಈ ಟಾಕೀಸ್ ಮುಚ್ಚಿರ್ಬೇಕು. ಇಲ್ದಿದ್ರೆ ಮೈಸೂರ್ನಲ್ಲೇ ಮಾಡ್ಸ್ಕತೀನಿ ಬುಡು."

ಮಧ್ಯಾಹ್ನ ಊಟದ ಡಬ್ಬಿ ತಂದ ಸೊಸೆ ರುಬೀನಾ ಕಥೆ ಕೇಳಿ, ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಅವಳು ಶಾಲೆಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. "ಇದಕ್ಕೆ ಇಷ್ಟು ದೊಡ್ಡದು ಯಾಕ್ರೀ ಬೇಕಿತ್ತು?" ಎಂದು ಹಳೆಯ ಮಾನಿಟರಿನ ಮುಂದೆ ಕೂತು ಮೂರು ಗುಂಡಿ ಒತ್ತಿದಳು. ಪತ್ರಿಕೆ ಮಾಯವಾಗಿ ಚೀಟಿಯ ಫೋಟೋ ಬಂತು. ಮತ್ತೆ ಒತ್ತಿದಳು, ಪತ್ರಿಕೆ ವಾಪಸು.

"ಹೋಗಿದ್ದು ಎಲ್ಲಿಗೆ?" ಎಂದರು ಅಕ್ತರುನ್ನೀಸಾ.

"ಪಕ್ಕದ ಕೋಣೆಗೆ ಅಮ್ಮಿ. ಒಂದೇ ಪರದೆ, ಒಳಗೆ ಬೇಕಾದಷ್ಟು ಕೋಣೆ. ಯಾವ್ದು ಬೇಕೋ ಅದರ ಬಾಗಿಲು ಮಾತ್ರ ತೆಗೆಯೋದು."

ಅವಳು ಕೆಲಸಕ್ಕೆ ಮರಳಿದ ಮೇಲೆ ಮುಸವೀರ ಆ ಕೋಣೆಗೂ ಈ ಕೋಣೆಗೂ ಓಡಾಡಿ ಕೆಲಸ ಮಾಡಿದ. ಪ್ರೂಫು ತೆಗೆದು ನೋಡಿದರೆ ಲಿಂಗಯ್ಯನ ತಂಗಿ, ಅವಳ ಗಂಡ, ಇಬ್ಬರೂ ಪಟ್ಟಿಯಲ್ಲೇ ಇಲ್ಲ!

"ಒಂದು ಕಡೆ ಓದಿ ಇನ್ನೊಂದು ಕಡೆ ಹೋಗೋಷ್ಟರಲ್ಲಿ ಮರ್ತೋಗುತ್ತೆ ಅಮ್ಮಿ. ದೊಡ್ಡದೇ ಇರ್ಲಿ. ಬೀದಿಗೆ ಬೆನ್ನು ತಿರುಗಿಸಿ ಇಟ್ಟರಾಯ್ತು."

ಹೇಗೆ ತಿರುಗಿಸಿದರೂ ಅದು ಕೂರುವುದು ಬಲಗಡೆಯ ಅರ್ಧದಲ್ಲೇ. ಅಕ್ತರುನ್ನೀಸಾ ಮಡಿಲ ಹಾಳೆಗಳನ್ನು ಸ್ಟೂಲಿನ ಮೇಲಿಟ್ಟು ಎದ್ದು ಬಂದರು.

"ಆ ಚೀಟೀನ ದೊಡ್ಡದಾಗಿ ಒಂದು ಕಾಪಿ ತೆಗೆದುಕೊಡು."

ಕನ್ನಡಕ ಏರಿಸಿ, ಮಗನ ಪಕ್ಕದಲ್ಲಿ ನಿಂತು ಓದತೊಡಗಿದರು. ಅವರ ಗಂಡ ನಿಜಾಮುದ್ದೀನ್ ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಕೆಲಸ ಮುಗಿದ ಮೊಳೆಗಳನ್ನು ವಿಂಗಡಿಸುತ್ತ ಅವರು ಕನ್ನಡ ಕಲಿತದ್ದು. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಹಾಗಾಗಿ ಉಲ್ಟಾ ಕಲಿತು, ಆಮೇಲೆ ನೆಟ್ಟಗೆ ಮಾಡಿಕೊಂಡವರು. ಗಂಡನ ಕಣ್ಣು ಮೊಳೆಯ ಗೂಡುಗಳ ಮೇಲೆ, ಇವರ ಕಣ್ಣು ಚೀಟಿಯ ಮೇಲೆ. ಎಷ್ಟೋ ಮದುವೆಗಳು ಹಾಗೇ ಅಚ್ಚಾಗಿದ್ದವು.

"ಶ್ರೀ ನೀಲಕಂಠಸ್ವಾಮಿ. ಮೊದಲನೇ ಸಾಲು, ನೆನಪಿರ್ಲಿ. ಆಮೇಲೆ ಶ್ರೀಮತಿ ಪುಟ್ಟಿ... ಟ ಒತ್ತು, ಅವಳನ್ನ ಪುಟಿ ಮಾಡ್ಬೇಡ."

ಮುಸವೀರ ಪರದೆಯಿಂದ ಕಣ್ಣೆತ್ತಲೇ ಇಲ್ಲ. ಚಹಾ ಆರುವುದರೊಳಗೆ ಪಟ್ಟಿ ಮುಗಿಯಿತು. ಪ್ರೂಫಿನಲ್ಲಿ ಒಂದು ಹೆಸರೂ ತಪ್ಪಿರಲಿಲ್ಲ. ಅವನು ಎರಡು ಸಲ ನೋಡಿದ, ತಲೆ ಕೆರೆದುಕೊಂಡ, ದೊಡ್ಡ ಮಾನಿಟರಿನ ವೈರು ಕಿತ್ತ. ಮೇಜು ಒರೆಸಿ, ಹಾಳೆಗಳನ್ನು ತಾನೇ ತಂದಿಟ್ಟ.

ಮರುದಿನ ಲಿಂಗಯ್ಯ ಬಂದು ಮೊದಲು ಮೇಜು ನೋಡಿದ, ಆಮೇಲೆ ಬೀದಿ ನೋಡಿದ. "ನನ್ ಕನ್ನಡಕ ತಂದಿಲ್ಲ ಕಣಮ್ಮ. ಮೆಲ್ಲಗೆ ಓದಿ ಯೋಳಿ, ರೋಡ್ಗೆ ಕೇಳ್ದಂಗೆ." ಅಕ್ತರುನ್ನೀಸಾ ಓದಿದರು. ಅವನು ಬೆರಳು ಮಡಚುತ್ತ ಕೇಳಿ, "ಎಲ್ರೂ ಅವ್ರೆ. ಆಕಿ ಅಚ್ಚು," ಎಂದು ಹೋದ.

ಸಂಜೆ ಸಾಗರನ ಫೋನು ಬಂತು. "ಯಾಕ್ಲಾ, ಇಷ್ಟ್ ಬೇಗ ವಾಪಸ್ ಕೊಡ್ತೀನಿ ಅಂತ ಮೆಸೇಜ್ ಆಕಿದ್ದೀಯ? ಚೆನ್ನಾಗಿಲ್ವಾ?"

"ಚೆನ್ನಾಗೈತೆ ಕಣೋ. ನಮ್ಮಲ್ಲಿ ಓದಿ ಹೇಳೋ ಮಾನಿಟರೇ ಐತೆ."

ಅಕ್ತರುನ್ನೀಸಾ ದಾರವನ್ನು ಹಲ್ಲಿನಲ್ಲಿ ಕಡಿದು, "ಎಷ್ಟು ಇಂಚು ಅಂತ ಕೇಳಿದ್ರೆ ಮಾತ್ರ ಹೇಳ್ಬೇಡ," ಎಂದರು.